ಎರಡನೆಯ ಮೌನ

21 ನವೆಂಬರ್ 2023, ಮಂಗಳವಾರ

ಇಂದು ಎಂಟನೆಯ ತರಗತಿಗೆ ದಹನದ ಪಾಠ. ಕಾಗದವನ್ನು ದೊನ್ನೆಯಂತೆ ಮಡಿಚಿ, ಅರ್ಧದಷ್ಟು ನೀರು ಹಾಕಿ, ಇಕ್ಕಳದಲ್ಲಿ ಹಿಡಿದು ಮೇಣದಬತ್ತಿಯ ಮೇಲೆ ಒಡ್ಡಿದೆ. ತಳಕ್ಕೆ ಮಸಿ ಹಿಡಿಯಿತು, ನೀರಿನಿಂದ ಸಣ್ಣಗೆ ಹಬೆ ಎದ್ದಿತು, ಕಾಗದ ಮಾತ್ರ ಸುಡಲಿಲ್ಲ. "ಏಕೆ?" ಎಂದು ಕೇಳಿ ಸುಮ್ಮನೆ ನಿಂತೆ.

ಹೀಗೆ ಸುಮ್ಮನೆ ನಿಲ್ಲುವುದನ್ನು ಕಳೆದ ವಾರದಿಂದ ಕಲಿಯುತ್ತಿದ್ದೇನೆ. ಮೊಬೈಲನ್ನು ಮೇಜಿನ ಮೇಲಿಟ್ಟು ನನ್ನ ಪಾಠವನ್ನೇ ಧ್ವನಿಮುದ್ರಿಸಿಕೊಂಡು ರಾತ್ರಿ ಕೇಳಿದ್ದೆ. ಪ್ರಶ್ನೆ ಮುಗಿಯುವುದೇ ತಡ, "ಹೇಳು, ಬೇಗ ಹೇಳು". ಅದರ ಬೆನ್ನಿಗೇ "ಗೊತ್ತಿಲ್ಲವೇ? ಪಕ್ಕದವಳು ಹೇಳು". ಕೊನೆಗೆ ಉತ್ತರವೂ ನನ್ನದೇ. ಹದಿನಾಲ್ಕು ವರ್ಷ ಹೀಗೆಯೇ ಕಲಿಸಿದ್ದೇನಲ್ಲ ಎಂದು ಸಂಕಟವಾಯಿತು. ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲೇ ಇದನ್ನು ಅಳೆದು ತೋರಿಸಿದ್ದರು. ಪ್ರಶ್ನೆ ಕೇಳಿ ಶಿಕ್ಷಕರು ಕಾಯುವುದು ಸರಾಸರಿ ಒಂದು ಸೆಕೆಂಡು. ಮೂರು ಸೆಕೆಂಡಾದರೂ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಬಾಯಿ ಬಿಡದವರೂ ಮಾತನಾಡುತ್ತಾರೆ. ಅವರು ಇನ್ನೊಂದು ಕಾಯುವಿಕೆಯನ್ನೂ ಗುರುತಿಸಿದ್ದರು. ಅದು ಮಗು ಉತ್ತರ ಹೇಳಿದ ಮೇಲಿನದು. ಅದು ಮೊದಲಿನದಕ್ಕಿಂತ ಎಷ್ಟು ಕಷ್ಟವೆಂದು ಇಂದು ತಿಳಿಯಿತು.

ಎಂದಿನಂತೆ ಮುಂದಿನ ಬೆಂಚಿನ ಹುಡುಗ ತಕ್ಷಣ ಕೈ ಎತ್ತಿದ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ ಅವನತ್ತ ತಲೆಯಾಡಿಸಿದೆ. "ಒಳಗೆ ನೀರಿದೆಯಲ್ಲ ಮೇಡಂ, ಅದಕ್ಕೆ." ನಾಲಿಗೆಯ ತುದಿಗೆ ಬಂದ "ಶಭಾಷ್" ಅನ್ನು ನುಂಗಿಕೊಂಡೆ. ಆ ಒಂದು ಮಾತು ಬಿದ್ದರೆ ಸಾಕು, ಉಳಿದವರೆಲ್ಲ ಯೋಚಿಸುವುದನ್ನು ಬಿಟ್ಟು ಬರೆದುಕೊಳ್ಳಲು ತಯಾರಾಗುತ್ತಾರೆ. ಯಾರೋ ಪೆನ್ನಿನ ಮುಚ್ಚಳದಿಂದ ಬೆಂಚಿಗೆ ಟಕ್ ಟಕ್ ಎಂದು ಬಡಿಯುತ್ತಿದ್ದರು, ಅದೂ ನಿಂತಿತು.

ಆಗ ಹಿಂದಿನ ಬೆಂಚಿನಿಂದ ಒಂದು ದನಿ. ಹಾಜರಿ ಕೂಗಿದಾಗ ಬಿಟ್ಟರೆ ಜೂನ್‌ನಿಂದ ಅವಳ ದನಿಯನ್ನೇ ನಾನು ಕೇಳಿರಲಿಲ್ಲ.

"ಹಸಿ ಸೌದೆಯ ಹಾಗೆ."

ಇನ್ನೂ ಕಾದೆ.

"ಬಚ್ಚಲೊಲೆಗೆ ಹಸಿ ಸೌದೆ ಇಟ್ಟರೆ ತುದಿಯಲ್ಲಿ ನೊರೆ ಬರುತ್ತದೆ ಮೇಡಂ, ಚುಂಯ್ ಎನ್ನುತ್ತದೆ. ನೀರು ಹೋಗುವವರೆಗೂ ಹತ್ತುವುದಿಲ್ಲ. ಬಿಸಿಯೆಲ್ಲ ನೀರಿಗೇ ಹೋಗುತ್ತದೆ. ಇದಕ್ಕೂ ಹಾಗೆಯೇ."

ನಾನು ಸೇರಿಸಬೇಕಾಗಿದ್ದು ಇಷ್ಟೇ. ಕಾಗದ ಹೊತ್ತಿಕೊಳ್ಳಲು 200 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ತಾಪ ಬೇಕು, ನೀರು 100ಕ್ಕೇ ಕುದಿಯುತ್ತದೆ. ನೀರಿರುವ ತನಕ ಕಾಗದ ಜ್ವಲನ ತಾಪವನ್ನು ಮುಟ್ಟುವುದಿಲ್ಲ. ಆ ಪದವನ್ನು ಬೋರ್ಡಿನ ಮೇಲೆ "ಹಸಿ ಸೌದೆ"ಯ ಪಕ್ಕದಲ್ಲೇ ಬರೆದೆ.

ಎಲ್ಲ ಪ್ರಶ್ನೆಗೂ ಹೀಗೆ ಕಾಯಬೇಕಿಲ್ಲ. ಆಮ್ಲಜನಕದ ಸಂಕೇತ ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ಪಾಠ ಮುಗಿಸುವ ಒತ್ತಡವೂ ಸುಳ್ಳಲ್ಲ, ಇಂದು ಒಂದು ಪುಟ ಹಿಂದೆ ಬಿದ್ದಿದ್ದೇನೆ. ಆದರೆ ಆ ಹುಡುಗಿ ಐದು ತಿಂಗಳು ಹೇಳಲಾಗದೆ ಇಟ್ಟುಕೊಂಡಿದ್ದು ಇನ್ನೆಷ್ಟಿದೆಯೋ ಎಂಬ ಯೋಚನೆಯೇ ಸಂಜೆಯಿಂದ ಕೊರೆಯುತ್ತಿದೆ.

ಗಂಟೆ ಬಾರಿಸಿದ ಮೇಲೆ ಮುಂದಿನ ಬೆಂಚಿನ ಹುಡುಗ ಮೇಜಿನ ಬಳಿ ಬಂದು ನಿಂತ. "ನೀರಿನ ಬದಲು ಎಣ್ಣೆ ಇದ್ದಿದ್ದರೆ ಮೇಡಂ?"

"ಮಾಡಿ ನೋಡಬೇಡ. ಯೋಚಿಸಿ ನಾಳೆ ಹೇಳು" ಎಂದೆ.

ಅವನು ಬ್ಯಾಗನ್ನು ಹೆಗಲಿಗೇರಿಸಿಕೊಂಡು ಬಾಗಿಲಿಗೆ ಹೋಗಲಿಲ್ಲ, ಹಿಂದಿನ ಬೆಂಚಿನ ಕಡೆಗೆ ಹೋದ.