ಸಂಜೆಗೆ ಇಳಿಯುವ ಶ್ರುತಿ

ನಮ್ಮ ಮನೆಯಲ್ಲಿರುವ ಟರ್ನ್‌ಟೇಬಲ್, ಅಂದರೆ ಗ್ರಾಮಫೋನ್ ರೆಕಾರ್ಡ್ ತಿರುಗಿಸುವ ಮೆಷೀನ್, ಲಿನ್ ಸೊಂಡೆಕ್ ಎಲ್‌ಪಿ12. ಸ್ಕಾಟ್ಲೆಂಡಿನ ಗ್ಲಾಸ್ಗೋದ ಮಾಲು. ಐವರ್ ಟೀಫನ್‌ಬ್ರುನ್ ಅನ್ನುವವರು 1973ರಲ್ಲಿ ಶುರುಮಾಡಿದ ಕಂಪನಿ ಅದು. ಇವತ್ತಿಗೂ ಅದೇ ಮಾಡೆಲ್ ಮಾಡುತ್ತಿದ್ದಾರೆ. ಆ ಕಾಲದಲ್ಲಿ ಎಲ್ಲರೂ ದೊಡ್ಡ ಸ್ಪೀಕರ್ ತಗೊಳ್ಳಿ ಅನ್ನುತ್ತಿದ್ದರು. ಇವರೊಬ್ಬರು ಮಾತ್ರ, ಸೂಜಿ ಎತ್ತಿಕೊಳ್ಳದೆ ಬಿಟ್ಟದ್ದನ್ನು ಯಾವ ಸ್ಪೀಕರೂ ವಾಪಸ್ ತರಲ್ಲ ಅಂತ ಹಟ ಹಿಡಿದರು. ಮಾತು ಸರಿಯೇ. ಅದನ್ನು ನಂಬಿದವರ ಜೇಬು ಏನಾಯಿತು ಅಂತ ಮಾತ್ರ ಕೇಳಬೇಡಿ.

ನನಗೆ ಇದು ಸಿಕ್ಕಿದ್ದು ಬಸವನಗುಡಿಯ ಒಬ್ಬ ಡಾಕ್ಟರಿಂದ. ಎಪ್ಪತ್ತರ ದಶಕದಲ್ಲಿ ಗ್ಲಾಸ್ಗೋದಲ್ಲಿದ್ದವರು, ಊರಿಗೆ ಬರುವಾಗ ಬಟ್ಟೆಬರೆಗಿಂತ ಜೋಪಾನವಾಗಿ ಇದನ್ನು ತಂದಿದ್ದರು. ವಯಸ್ಸಾಗಿ ಕೈ ನಡುಗಲು ಶುರುವಾದ ಮೇಲೆ ಸೂಜಿ ಇಡೋದು ಕಷ್ಟವಾಯಿತು. "ತಗೊಂಡು ಹೋಗಯ್ಯ, ಷೋಕೇಸಿನಲ್ಲಿ ಮಾತ್ರ ಇಡಬೇಡ" ಅಂದರು. ದುಡ್ಡು ಕೊಟ್ಟೆ. ಎಣಿಸಲಿಲ್ಲ, ಹಾಗೇ ಡ್ರಾಯರಿಗೆ ಹಾಕಿದರು.

ಹೊರಗಿನಿಂದ ನೋಡಿದರೆ ಇದರಲ್ಲಿ ಏನೂ ಇಲ್ಲ. ಮರದ ಚೌಕಟ್ಟು, ಮೇಲೊಂದು ಲೋಹದ ತಟ್ಟೆ, ಒಂದು ಸ್ವಿಚ್ಚು. ವಿಶೇಷವೆಲ್ಲ ಒಳಗೆ. ತಟ್ಟೆ, ಅಂದರೆ ಪ್ಲಾಟರ್, ಎರಡು ತುಂಡು. ಒಳಗಿನದಕ್ಕೆ ಬೆಲ್ಟು ಸುತ್ತುತ್ತದೆ, ಹೊರಗಿನದು ಅದರ ಮೇಲೆ ಕೂರುತ್ತದೆ. ಎರಡೂ ಸೇರಿ ನಾಲ್ಕು ಕೆಜಿ ಹತ್ತಿರ. ಪ್ಲಾಟರಿನ ಕಡ್ಡಿ ಎಣ್ಣೆ ತುಂಬಿದ ಕೊಳವೆಯೊಳಗೆ ಒಂದೇ ಬಿಂದುವಿನ ಮೇಲೆ ನಿಲ್ಲುತ್ತದೆ. ಬಿಚ್ಚಿ ಮತ್ತೆ ಹಾಕಿದರೆ ಟಕ್ ಅಂತ ಕೂರಲ್ಲ. ಸಂದು ಅಷ್ಟು ಸಣ್ಣದು, ಗಾಳಿ ಆಚೆ ಬರಲು ಜಾಗವಿಲ್ಲ. ತಾನಾಗಿ ನಿಧಾನಕ್ಕೆ ಇಳಿಯುತ್ತದೆ. ಬಂದವರಿಗೆ ನಾನು ಮೊದಲು ತೋರಿಸುವುದು ಇದನ್ನೇ, ಹಾಡನ್ನಲ್ಲ. ಪ್ಲಾಟರೂ, ಸೂಜಿ ಹಿಡಿದಿರುವ ತೋಳಾದ ಟೋನ್‌ಆರ್ಮೂ ಕೂತಿರುವ ಉಕ್ಕಿನ ಚಾಸಿ ಮೂರು ಸ್ಪ್ರಿಂಗುಗಳಿಂದ ತೂಗಾಡುತ್ತಿರುತ್ತದೆ. ಮೋಟರ್ ಮಾತ್ರ ಬೇರೆ, ಅದು ಮೇಲಿನ ತಗಡಿಗೆ ಗಟ್ಟಿಯಾಗಿ ಕೂತಿದೆ. ಹಾಗಾಗಿ ಮೋಟರಿನ ನಡುಕ ಸೂಜಿಯ ತನಕ ಬರಲ್ಲ.

ಈ ಕಂಪನಿಯ ಇನ್ನೊಂದು ಚಾಳಿ ಏನೆಂದರೆ ಹೊಸ ಭಾಗ ಬಂದಾಗಲೆಲ್ಲ ಅದು ಹಳೆಯ ಮೆಷೀನಿಗೂ ಕೂರುವ ಹಾಗೆ ಮಾಡುತ್ತಾರೆ. ಬೇರಿಂಗ್ ಬದಲಾಯಿಸಬಹುದು, ಚಾಸಿ ಬದಲಾಯಿಸಬಹುದು, ಮೋಟರಿಗೆ ಬೇರೆ ಪವರ್ ಸಪ್ಲೈ ಕೊಡಬಹುದು. ನಲವತ್ತು ವರ್ಷ ಹಳೆಯ ಮೆಷೀನ್ ಇಟ್ಟುಕೊಂಡು ಸಾಯುವ ತನಕ ದುಡ್ಡು ಸುರಿಯುತ್ತಲೇ ಇರಬಹುದು. ಸುರಿಯುವವರನ್ನು ನಾನು ಬಲ್ಲೆ. ಸ್ಕೂಟರ್ ಬೆಲೆಯ ಕಾರ್ಟ್ರಿಜ್, ಅಂದರೆ ಸೂಜಿ ಕೂತಿರುವ ಪುಟ್ಟ ಡಬ್ಬಿ, ಹಾಕಿ, ಕೆಳಗಿನ ಟೇಬಲ್ ಅಲ್ಲಾಡುತ್ತಿದ್ದರೆ ಅದರ ಕಡೆ ನೋಡದವರೂ ಇದ್ದಾರೆ.

ನಾನು ಮೊದಲು ಮಾಡಿದ್ದು ಗೋಡೆಗೆ ಒಂದು ಶೆಲ್ಫ್ ಹೊಡೆಸಿದ್ದು. ನಮ್ಮದು ಹಳೆ ಮನೆ, ಇಟ್ಟಿಗೆ ಗೋಡೆ, ಬಸ್ ಓಡಾಡುವ ರಸ್ತೆ. ಶೆಲ್ಫಿಗೆ ಆದ ಖರ್ಚು ಒಂದು ಹೋಟೆಲ್ ಊಟದಷ್ಟು. ಆದ ವ್ಯತ್ಯಾಸ, ಆಮೇಲೆ ಕೊಂಡ ಯಾವ ದುಬಾರಿ ಸಾಮಾನಿಗಿಂತಲೂ ಜಾಸ್ತಿ. ಆಮೇಲೆ ಬೇರಿಂಗಿನ ಎಣ್ಣೆ, ಹೊಸ ಬೆಲ್ಟು. ಡಾಕ್ಟರು ಹಾಕಿಸಿದ್ದ ಎಸ್‌ಎಂಇ 3009 ಆರ್ಮನ್ನು ಹಾಗೇ ಉಳಿಸಿಕೊಂಡೆ. ಅದರ ಪಕ್ಕದಲ್ಲಿ ಒಂದು ಪುಟ್ಟ ತೂಕ ದಾರದಲ್ಲಿ ನೇತಾಡುತ್ತಿರುತ್ತದೆ. ಸೂಜಿ ಒಳಗಡೆ ಎಳೆದುಕೊಂಡು ಹೋಗದ ಹಾಗೆ ತಡೆಯೋದು ಅದರ ಕೆಲಸ. ಮನೆಗೆಲಸದವರು ಒಮ್ಮೆ ಅದನ್ನು ಜೇಡರ ಬಲೆ ಅಂದುಕೊಂಡು ಒರೆಸಿಬಿಟ್ಟಿದ್ದರು.

ಇಷ್ಟೆಲ್ಲ ಆಗಿ ಎಲ್ಲ ಸರಿಯಿದೆ ಅಂದುಕೊಂಡಿದ್ದಾಗ, 2008ರ ಚಳಿಗಾಲದಲ್ಲಿ ಧಾರವಾಡದಿಂದ ಮೌಶಿ ಬಂದರು.

ಮೌಶಿ ಅಂದರೆ ನಮ್ಮ ತಾಯಿಯ ತಂಗಿ. ಹಾಡುಗಾರಿಕೆ ಕಲಿತವರು, ನಾಲ್ಕು ಮಕ್ಕಳಿಗೆ ಹೇಳಿಕೊಡುತ್ತಿದ್ದವರು. ಮಲ್ಲಿಕಾರ್ಜುನ ಮನಸೂರರನ್ನು ಎದುರಿಗೆ ಕೂತು ಎಷ್ಟೋ ಸಲ ಕೇಳಿದ್ದರು. ಹೋದಲ್ಲೆಲ್ಲ ಬ್ಯಾಗಿನಲ್ಲಿ ಒಂದು ರಾಡೆಲ್ ಎಲೆಕ್ಟ್ರಾನಿಕ್ ತಂಬೂರ ಇರುತ್ತಿತ್ತು. ಅದು ನಮ್ಮ ಬೆಂಗಳೂರಿನದೇ ಪೆಟ್ಟಿಗೆ. ಬೆಳಿಗ್ಗೆ ಕಾಫಿ ಆದ ಮೇಲೆ ಮನಸೂರರ ಎಚ್‌ಎಂವಿ ಎಲ್‌ಪಿ ಹಾಕಿಸಿಕೊಂಡರು. ದಮ್‌ದಮ್ ಫ್ಯಾಕ್ಟರಿಯಲ್ಲಿ ಒತ್ತಿದ್ದು, ಅಂಚಿನಲ್ಲಿ ಸ್ವಲ್ಪ ಚರಚರ. ಮೌಶಿ ತಂಬೂರದ ಗುಂಡಿ ತಿರುಗಿಸಿ ಅವರ ಷಡ್ಜಕ್ಕೆ ಸೇರಿಸಿದರು. ಕಣ್ಣು ಮುಚ್ಚಿ ಪೂರ್ತಿ ಸೈಡ್ ಕೇಳಿದರು. ಗುಂಡಿಯನ್ನು ಹಾಗೇ ಬಿಟ್ಟು ಎದ್ದರು.

ಸಂಜೆ ಏಳರ ಸುಮಾರಿಗೆ ಮತ್ತೆ ಅದೇ ತಬಕಡಿ ಹಾಕು ಅಂದರು. ತಂಬೂರ ಆನ್ ಮಾಡಿದರು. ಆಲಾಪ ಶುರುವಾಗಿ ಹೆಚ್ಚು ಹೊತ್ತಾಗಿರಲಿಲ್ಲ, ಮುಖ ಕಿವುಚಿದರು.

"ಏ ತಮ್ಮಾ, ನಿನ್ನ ಮಷೀನ್ ಸಂಜೀಮುಂದ ಇಳೀತದಲ್ಲೋ."

ತಂಬೂರದ ಗುಂಡಿ ಯಾರಾದರೂ ಮುಟ್ಟಿರಬೇಕು ಅಂದೆ. ಮೌಶಿ ಉತ್ತರ ಕೊಡಲಿಲ್ಲ. ಅವರ ತಂಬೂರ ಮುಟ್ಟುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಡಾಕ್ಟರು ಕೊಟ್ಟಿದ್ದ ಸ್ಟ್ರೋಬ್ ಡಿಸ್ಕ್ ತಂದೆ. ಇದೊಂದು ರಟ್ಟಿನ ಬಿಲ್ಲೆ. ಸುತ್ತಲೂ 180 ಕಪ್ಪು ಗೀಟು. ನಮ್ಮ ಮನೆಗಳಿಗೆ ಬರುವ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುತ್ತದೆ. ಚೋಕ್ ಇರುವ ಟ್ಯೂಬ್‌ಲೈಟ್ ಅದರಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಪ್ಲಾಟರ್ ನಿಮಿಷಕ್ಕೆ ಸರಿಯಾಗಿ ಮೂವತ್ಮೂರೂ ಮೂರನೇ ಒಂದು ಸುತ್ತು ತಿರುಗುತ್ತಿದ್ದರೆ, ಒಂದು ಮಿನುಗಿಗೂ ಇನ್ನೊಂದಕ್ಕೂ ನಡುವೆ ಒಂದು ಗೀಟು ಹೋಗಿ ಅದರ ಜಾಗಕ್ಕೆ ಇನ್ನೊಂದು ಬರುತ್ತದೆ. ಕಣ್ಣಿಗೆ ಗೀಟುಗಳು ನಿಂತ ಹಾಗೆ ಕಾಣುತ್ತವೆ. ಇಟ್ಟು ನೋಡಿದೆ. ಒಂದೇ ಒಂದು ಗೀಟು ಅಲ್ಲಾಡಲಿಲ್ಲ.

ಮೌಶಿ ಬಗ್ಗಿ ನೋಡಿದರು. "ನಿನ್ನ ಗೀಟು ನಿಂತಾವು, ಖರೆ. ಸಾ ನಿಂತಿಲ್ಲ."

ಆಮೇಲೆ ಅಡಿಗೆಮನೆಗೆ ಹೋಗಿಬಿಟ್ಟರು. ನಾನು ಟ್ಯೂಬ್‌ಲೈಟ್ ಕೆಳಗೆ ನಿಂತು ಗೀಟು ನೋಡುತ್ತಾ ಉಳಿದೆ. ಹಾಗೆ ನೋಡುತ್ತಲೇ ತಲೆ ಎತ್ತಿ ಟ್ಯೂಬ್‌ಲೈಟ್ ನೋಡಿದೆ. ನನ್ನ ಮೋಟರ್ ಸಿಂಕ್ರೊನಸ್ ಮೋಟರ್. 50 ಹರ್ಟ್ಸ್ ಇದ್ದರೆ ನಿಮಿಷಕ್ಕೆ 250 ಸುತ್ತು. ಅದರ ವೇಗ ನಿರ್ಧಾರವಾಗೋದು ವೋಲ್ಟೇಜಿನಿಂದ ಅಲ್ಲ, ಫ್ರೀಕ್ವೆನ್ಸಿಯಿಂದ, ಅಂದರೆ ಆ ಹರ್ಟ್ಸ್ ಲೆಕ್ಕದಿಂದ. ಫ್ರೀಕ್ವೆನ್ಸಿ ಇಳಿದರೆ ಪ್ಲಾಟರ್ ನಿಧಾನ. ಆದರೆ ಟ್ಯೂಬ್‌ಲೈಟ್ ಮಿನುಗುವುದೂ ಅಷ್ಟೇ ನಿಧಾನ. ಎರಡೂ ಒಂದೇ ಕರೆಂಟಿನ ಮೇಲೆ ಓಡುತ್ತಿರುವಾಗ ಗೀಟು ಅಲ್ಲಾಡುವುದಾದರೂ ಹೇಗೆ? ಕಳ್ಳನ ಪರ ಸಾಕ್ಷಿ ಹೇಳಲು ಕಳ್ಳನ ತಮ್ಮನೇ ಬಂದ ಹಾಗೆ.

ಮಲ್ಟಿಮೀಟರಿನಲ್ಲಿ ಹರ್ಟ್ಸ್ ಅಳೆಯುವ ಸ್ಥಾನ ಇತ್ತು. ಪ್ಲಗ್ಗಿಗೆ ಇಟ್ಟೆ. 49.1.

ಮಾರನೆಯ ದಿನ ಬೆಳಿಗ್ಗೆ ಅದೇ ಪ್ಲಗ್ಗು 49.9 ತೋರಿಸಿತು.

ಆಗಿನ ದಿನ ನೆನಪಿರಬೇಕಲ್ಲ. ಸಂಜೆಯಾದರೆ ಲೋಡ್ ಶೆಡ್ಡಿಂಗ್, ಪೇಪರಿನಲ್ಲಿ ದಿನಾ ಜಲಾಶಯಗಳ ಮಟ್ಟ. ಎಲ್ಲರೂ ಒಟ್ಟಿಗೆ ದೀಪ, ಟಿವಿ, ಗೀಸರ್ ಹಾಕುವ ಹೊತ್ತಿಗೆ ಉತ್ಪಾದನೆ ಸಾಲುತ್ತಿರಲಿಲ್ಲ. ಭಾರ ಜಾಸ್ತಿಯಾದಾಗ ಗ್ರಿಡ್ಡಿಗೆ, ಅಂದರೆ ಕರೆಂಟ್ ಹಂಚುವ ಜಾಲಕ್ಕೆ, ಸೇರಿದ ಎಲ್ಲ ಜನರೇಟರುಗಳೂ ಒಟ್ಟಿಗೆ ನಿಧಾನವಾಗುತ್ತವೆ. ಶರಾವತಿಯಲ್ಲಿ ಲಿಂಗನಮಕ್ಕಿಯ ನೀರು ತಿರುಗಿಸುವ ಯಂತ್ರ ಎಷ್ಟು ಪಾಲು ನಿಧಾನವಾಯಿತೋ, ಬೆಂಗಳೂರಿನಲ್ಲಿ ನನ್ನ ಪ್ಲಾಟರೂ ಲೆಕ್ಕ ಹಾಕಿದಂತೆ ಅಷ್ಟೇ ಪಾಲು ನಿಧಾನ. ಆಗ ನಿಯಮದ ಪ್ರಕಾರವೇ 49ರಿಂದ 50.5ರ ತನಕ ಏರಿಳಿಯಬಹುದಿತ್ತು. ದಕ್ಷಿಣದ ಅಷ್ಟೂ ರಾಜ್ಯಗಳ ಕರೆಂಟಿನ ನಾಡಿ ಹಿಡಿದು ಕೂರುವ ಕೇಂದ್ರ ಇರೋದು ನಮ್ಮ ರೇಸ್‌ಕೋರ್ಸ್ ರಸ್ತೆಯ ಹತ್ತಿರವೇ. ಎಷ್ಟೋ ಸಲ ಆ ದಾರಿಯಲ್ಲಿ ಓಡಾಡಿದ್ದೆ, ಒಳಗೆ ಕೂತವರು ನನ್ನ ರೆಕಾರ್ಡಿನ ಶ್ರುತಿಯನ್ನೂ ಕಾಯುತ್ತಿದ್ದಾರೆ ಅಂತ ಗೊತ್ತಿರಲಿಲ್ಲ.

49.1 ಅಂದರೆ ಶೇಕಡಾ 1.8 ಕಡಿಮೆ. 20 ನಿಮಿಷದ ಸೈಡ್ ಮುಗಿಯಲು 22 ಸೆಕೆಂಡ್ ಜಾಸ್ತಿ ಬೇಕು. ಅದು ಯಾರಿಗೂ ಗೊತ್ತಾಗಲ್ಲ ಬಿಡಿ. ಶ್ರುತಿಯ ಲೆಕ್ಕದಲ್ಲಿ ಮಾತ್ರ ಇದು ಷಡ್ಜಕ್ಕೂ ಪಕ್ಕದ ಸ್ವರಕ್ಕೂ ಇರುವ ಅಂತರದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಪಕ್ಕದಲ್ಲಿ ತಂಬೂರ ಇಲ್ಲದಿದ್ದರೆ ಕೇಳುವವರು ಆರಾಮವಾಗಿ ಕೇಳುತ್ತಾರೆ. ತಂಬೂರ ಇದ್ದರೆ, ಅದೂ ಮೌಶಿಯ ಕಿವಿ ಇದ್ದರೆ, ಸಹಿಸಲು ಆಗಲ್ಲ.

ಅಂಗಡಿಯೊಂದರಲ್ಲಿ ಕೇಳಿದರೆ ಸ್ಟೆಬಿಲೈಸರ್ ಹಾಕಿ ಸಾರ್ ಅಂದರು. ಅದು ವೋಲ್ಟೇಜ್ ಹಿಡಿಯುತ್ತದೆಯೇ ಹೊರತು ಫ್ರೀಕ್ವೆನ್ಸಿಯನ್ನಲ್ಲ. ಮನೆಯ ಇನ್ವರ್ಟರ್ ಮೇಲೆ ಓಡಿಸಿ ನೋಡಿದೆ. ಮೋಟರ್ ಗುಂಯ್ ಅಂತ ಅಳಲು ಶುರುಮಾಡಿತು, ತಕ್ಷಣ ಆಫ್ ಮಾಡಿದೆ.

ಈ ಕಾಯಿಲೆಗೆ ಮದ್ದನ್ನು ಲಿನ್ ಕಂಪನಿಯವರೇ 1982ರಲ್ಲಿ ಮಾಡಿದ್ದರು. ವಲ್ಹಲ್ಲಾ ಅಂತ ಹೆಸರು. ಮೆಷೀನಿನೊಳಗೇ ಕೂರುವ ಒಂದು ಸರ್ಕ್ಯೂಟ್ ಬೋರ್ಡ್. ಮನೆಯ ಕರೆಂಟನ್ನು ಮೊದಲು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು, ಮಾಡಿ, ಕ್ವಾರ್ಟ್ಜ್ ಹರಳಿನ ಲೆಕ್ಕದಲ್ಲಿ ತನ್ನದೇ 50 ಹರ್ಟ್ಸ್ ಹುಟ್ಟಿಸಿ ಮೋಟರಿಗೆ ಕೊಡುತ್ತದೆ. ಡಾಕ್ಟರ ಮೆಷೀನ್ ಅದಕ್ಕಿಂತ ಹಳೆಯದು, ಹಾಗಾಗಿ ಅದರಲ್ಲಿ ಇರಲಿಲ್ಲ. ಇಂಗ್ಲೆಂಡಿನಲ್ಲಿದ್ದ ತಮ್ಮನಿಗೆ ಹೇಳಿ ಸೆಕೆಂಡ್‌ಹ್ಯಾಂಡ್ ಒಂದನ್ನು ತರಿಸಿದೆ. ವಯಸ್ಸಾದ ಬೋರ್ಡು, ಕೆಪ್ಯಾಸಿಟರುಗಳು ಸೊರಗಿರುತ್ತವೆ. ಎಲೆಕ್ಟ್ರಾನಿಕ್ ಬಿಡಿಭಾಗ ಸಿಗುವ ಎಸ್‌ಪಿ ರೋಡಿನಲ್ಲಿ ಅಲೆದು ಒಳ್ಳೆಯವನ್ನು ಆರಿಸಿ ತಂದು ಬದಲಾಯಿಸಿದೆ. ಈ ಕೆಲಸ ಹುಡುಗಾಟದ್ದಲ್ಲ. ನಡುವೆ ಟ್ರಾನ್ಸ್‌ಫಾರ್ಮರ್ ಇಲ್ಲ, ನೇರ ಮೇನ್ಸ್. ಬೋರ್ಡಿನ ಮೇಲೆ 325 ವೋಲ್ಟ್ ಹತ್ತಿರ ಡಿಸಿ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು. ಒಂದು ಕೈ ಜೇಬಿನಲ್ಲಿಟ್ಟುಕೊಂಡು ಕೆಲಸ ಮಾಡು ಅಂತ ಹಳೆಯ ರೇಡಿಯೋ ರಿಪೇರಿಯವರು ಹೇಳುತ್ತಿದ್ದದ್ದು ಸುಮ್ನೆ ಅಲ್ಲ.

ಭಾನುವಾರ ಕೂತು ಜೋಡಿಸಿದೆ. ಅವರೆಕಾಯಿ ಕಾಲ. ಮೌಶಿ ಎದುರಿಗೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಆರ್ಮ್ ಕಟ್ಟಿ, ಪ್ಲಾಟರ್ ಎತ್ತಿಟ್ಟು, ಮೆಷೀನನ್ನು ತಲೆಕೆಳಗು ಮಾಡಿ ಬೋರ್ಡ್ ಕೂರಿಸಿದ್ದು ಬೇಗ ಆಯಿತು. ಸಮಯ ತಿಂದದ್ದು ಸ್ಪ್ರಿಂಗು. ಒಮ್ಮೆ ಬಿಚ್ಚಿದ ಮೇಲೆ ಅವು ಮೊದಲಿನ ಹಾಗೆ ಇರಲ್ಲ. ಕೆಳಗಿನಿಂದ ಕೈ ಹಾಕಲು ಜಾಗ ಬೇಕು ಅಂತ ಎರಡು ಸ್ಟೂಲ್ ನಡುವೆ ಮೆಷೀನ್ ಇಟ್ಟೆ, ಪ್ಲಾಟರ್ ಮತ್ತೆ ಹಾಕಿದೆ, ಒಂದು ರೆಕಾರ್ಡೂ ಇಟ್ಟೆ. ಪ್ಲಾಟರನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟರೆ ಅದು ನೆಟ್ಟಗೆ ಮೇಲೆ ಕೆಳಗೆ ಆಡಬೇಕು, ಸುಮಾರು ಹೊತ್ತು ಆಡುತ್ತಲೇ ಇರಬೇಕು. ನನ್ನದು ಎರಡು ಸಲ ಆಡಿ ಎಡಕ್ಕೆ ವಾಲಿ ಒದ್ದಾಡುತ್ತಿತ್ತು. ಮೂರು ನಟ್ಟು. ಒಂದನ್ನು ಕಾಲು ಸುತ್ತು ತಿರುಗಿಸಿದರೆ ಉಳಿದೆರಡರ ಲೆಕ್ಕ ಕೆಡುತ್ತದೆ. ನಟ್ಟನ್ನು ಬಿಟ್ಟು ಸ್ಪ್ರಿಂಗನ್ನೇ ಸ್ವಲ್ಪ ತಿರುಗಿಸಿದರೆ ಇನ್ನೇನೋ ಆಗುತ್ತದೆ. ಕೊನೆಗೆ ನೋಡಿದರೆ ಅಡ್ಡಿ ಮಾಡುತ್ತಿದ್ದದ್ದು ಆರ್ಮಿನ ಕೇಬಲ್. ಕ್ಲಿಪ್ಪಿನ ಹತ್ತಿರ ಬಿಗಿಯಾಗಿ ಎಳೆದುಕೊಂಡಿತ್ತು, ಚಾಸಿಯನ್ನು ಆ ಕಡೆ ಜಗ್ಗುತ್ತಿತ್ತು. ಅದನ್ನು ಸಡಿಲ ಮಾಡಿ ಒಂದು ಸಣ್ಣ ಬಳುಕು ಕೊಟ್ಟು ಕಟ್ಟಿದೆ. ಒತ್ತಿ ಬಿಟ್ಟೆ. ಎದ್ದಿತು, ಇಳಿಯಿತು, ಎದ್ದಿತು, ಇಳಿಯಿತು. ಮೌಶಿ ಕೈಯಲ್ಲಿನ ಕಾಯಿ ಹಾಗೇ ಹಿಡಿದು ನೋಡುತ್ತಿದ್ದರು.

ಸಂಜೆ ಮತ್ತೆ ಅದೇ ರೆಕಾರ್ಡು. ಮೀಟರ್ 49ರ ಹತ್ತಿರ ತೋರಿಸುತ್ತಿತ್ತು, ಆ ದಿನವೂ ಗ್ರಿಡ್ ಸುಸ್ತಾಗಿತ್ತು. ತಂಬೂರ ಹಚ್ಚಿದರು. ಸೂಜಿ ಇಟ್ಟೆ. ಮೌಶಿ ಹೊಗಳುವ ಪೈಕಿ ಅಲ್ಲ. ಸ್ವಲ್ಪ ಹೊತ್ತು ಕೇಳಿ, "ಹೂಂ, ಈಗ ಹಾಡ್ಲಿಕತ್ತಾರ" ಅಂದರು. ಪೂರ್ತಿ ಸೈಡ್ ಮುಗಿಯುವ ತನಕ ಮತ್ತೆ ಮಾತಾಡಲಿಲ್ಲ.

ಆಮೇಲೆ ನಾನು ಕುತೂಹಲಕ್ಕೆ ಸ್ಟ್ರೋಬ್ ಡಿಸ್ಕ್ ಇಟ್ಟೆ. ಇಷ್ಟು ದಿನ ಕಲ್ಲಿನ ಹಾಗೆ ನಿಂತಿದ್ದ ಗೀಟುಗಳು ಈಗ ಮುಂದಕ್ಕೆ ಹರಿಯತೊಡಗಿದವು, ಸೆಕೆಂಡಿಗೆ ಎರಡರ ಲೆಕ್ಕದಲ್ಲಿ. ಮೆಷೀನ್ ಸರಿಯಾಯಿತು, ಟ್ಯೂಬ್‌ಲೈಟ್ ಹಿಂದೆ ಬಿತ್ತು. ಮುಂದಿನ ವಾರ ಡಾಕ್ಟರು ಬಂದಾಗ ಮೊದಲು ನೋಡಿದ್ದೇ ಅದನ್ನು. "ಏನಯ್ಯ, ಜೋರು ಓಡಿಸ್ತಾ ಇದ್ದೀಯಲ್ಲ, ಹಾಳು ಮಾಡಿಬಿಟ್ಯಾ?" ವಿಷಯ ಹೇಳಿದೆ. ಕುರ್ಚಿಯಲ್ಲಿ ಕೂತು ಎರಡು ನಿಮಿಷ ಯೋಚಿಸಿದರು. ಆಮೇಲೆ ನಕ್ಕರು. ಗ್ಲಾಸ್ಗೋದಲ್ಲಿ ಇದ್ದಷ್ಟು ದಿನ ಈ ತಾಪತ್ರಯವೇ ಇರಲಿಲ್ಲ ಅಂದರು. ಇಲ್ಲಿಗೆ ಬಂದ ಮೇಲೆ ಸಂಜೆ ಕ್ಲಿನಿಕ್ ಮುಗಿಸಿ ಕೇಳಿದ್ದೆಲ್ಲ ಇಳಿದ ಶ್ರುತಿಯೇ ಅಂತ ಲೆಕ್ಕ ಹಾಕಿ, "ಆದ್ರೂ ಚೆನ್ನಾಗೇ ಇತ್ತಲ್ವಾ" ಅಂದರು.

ಅಲ್ಲಿಂದ ಆ ರಟ್ಟಿನ ಬಿಲ್ಲೆ ನಮ್ಮ ಮನೆಯ ಫ್ರೀಕ್ವೆನ್ಸಿ ಮೀಟರ್ ಆಯಿತು. ಗೀಟು ಎಷ್ಟು ಬೇಗ ಹರಿಯುತ್ತದೆ ಅಂತ ನೋಡಿ, ಇನ್ನು ಸ್ವಲ್ಪ ಹೊತ್ತಿಗೆ ಕರೆಂಟ್ ಹೋಗುತ್ತದೆ, ಮೊಂಬತ್ತಿ ಹುಡುಕಿಡಿ ಅನ್ನುತ್ತಿದ್ದೆ. ಸುಮಾರು ಸಲ ಸರಿಯಾಗುತ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು-ಸೋಲಾಪುರ 765 ಕೆವಿ ಲೈನ್ ಮೂಲಕ ದಕ್ಷಿಣದ ಗ್ರಿಡ್ಡನ್ನು ಉಳಿದ ದೇಶದ ಗ್ರಿಡ್ಡಿಗೆ ಸೇರಿಸಿದರು. ಅಷ್ಟು ದೊಡ್ಡ ಗ್ರಿಡ್ಡು ಸುಲಭಕ್ಕೆ ತೂಗಾಡಲ್ಲ. ನಿಯಮವೂ ಬಿಗಿಯಾಯಿತು, ಈಗ 49.9ರಿಂದ 50.05ರೊಳಗೆ ಇರಬೇಕು. ಗೀಟುಗಳು ಈಗ ಹರಿಯುವುದಿಲ್ಲ, ತೆವಳುತ್ತವೆ. ಒಮ್ಮೊಮ್ಮೆ ಹಿಂದಕ್ಕೂ ಹೋಗುತ್ತವೆ. ಹಾಗೆ ನೋಡಿದರೆ ಈಗ ಹೊಸದಾಗಿ ಈ ಮೆಷೀನ್ ಕೊಳ್ಳುವವರಿಗೆ ಶ್ರುತಿಯ ದೃಷ್ಟಿಯಿಂದ ಆ ಬೋರ್ಡ್ ಅಷ್ಟೇನೂ ಬೇಡ. ಕೇಳಿದವರಿಗೆ ನಾನು ಶೆಲ್ಫ್ ಹೊಡೆಸಿ ಅನ್ನುತ್ತೇನೆ. ಯಾರೂ ಹೊಡೆಸಲ್ಲ, ಕಾರ್ಟ್ರಿಜ್ ಯಾವುದು ತಗೊಳ್ಳಲಿ ಅಂತ ಮತ್ತೆ ಕೇಳುತ್ತಾರೆ.

ಹೋದ ತಿಂಗಳು ಆ ಟ್ಯೂಬ್‌ಲೈಟ್ ಮಿಣಮಿಣ ಅನ್ನತೊಡಗಿತು. ಮನೆಯಲ್ಲಿ ಉಳಿದಿರುವ ಚೋಕ್ ಪಟ್ಟಿ ಅದೊಂದೇ, ಮಿಕ್ಕ ಕಡೆಯೆಲ್ಲ ಎಲ್‌ಇಡಿ. ಎಲೆಕ್ಟ್ರಿಷಿಯನ್ ಏಣಿ ಹತ್ತಿ, "ಇದನ್ನ ಕಿತ್ತು ಎಲ್‌ಇಡಿ ಹಾಕ್ಬಿಡ್ತೀನಿ ಸಾರ್, ಕರೆಂಟೂ ಉಳಿಯುತ್ತೆ" ಅಂದ. ನಮ್ಮಲ್ಲಿರುವ ಎಲ್‌ಇಡಿ ಕೆಳಗೆ ಗೀಟು ಕಾಣಲ್ಲ ಅಂತ ಅವನಿಗೆ ಹೇಗೆ ಹೇಳೋದು? ಸ್ಟಾರ್ಟರ್ ಒಂದು ಬದಲಾಯಿಸಪ್ಪಾ ಸಾಕು ಅಂದೆ. ಎರಡು ಜಾಸ್ತಿ ತರಿಸಿ ಡ್ರಾಯರಿನಲ್ಲಿ ಇಟ್ಟಿದ್ದೇನೆ.