ಕುದಿಸಿದ್ರೆ ಹೋಗಲ್ಲ ಈ ನೈಟ್ರೇಟ್

"ನಾವು ನೀರು ಕುದಿಸಿ ಕುಡೀತೀವಿ, ಏನೂ ಆಗಲ್ಲ ಬಿಡಿ" ಅನ್ನುವವರೇ ಜಾಸ್ತಿ. ಕ್ರಿಮಿಗಳ ಮಟ್ಟಿಗೆ ಅದು ಸರಿ. ಆದರೆ ಕೊಳವೆಬಾವಿ ನೀರಿನಲ್ಲಿ ನೈಟ್ರೇಟ್ ಎಂಬ ಕರಗಿದ ಸಾರಜನಕದ ಲವಣ ಇದ್ದರೆ, ಕುದಿಸಿದಷ್ಟೂ ನೀರು ಆವಿಯಾಗಿ ಅದರ ಪ್ರಮಾಣ ಇನ್ನೂ ಏರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಗೊತ್ತಾಗೋದಾದರೂ ಹೇಗೆ? ಗದ್ದೆಗೆ ಸುರಿದ ಯೂರಿಯಾ, ತಿಪ್ಪೆ, ಬಾವಿ ಪಕ್ಕದಲ್ಲೇ ತೋಡಿದ ಶೌಚದ ಗುಂಡಿ, ಎಲ್ಲದರಿಂದಲೂ ಇದು ನೆಲದೊಳಗಿನ ನೀರಿಗೆ ಇಳಿಯುತ್ತದೆ. ನಮ್ಮ ದೇಶದ ಮಿತಿ ಲೀಟರಿಗೆ 45 ಮಿಲಿಗ್ರಾಂ. ದೊಡ್ಡವರು ಹೇಗೋ ತಡೆದುಕೊಳ್ಳಬಹುದು, ಆದರೆ ಆರು ತಿಂಗಳೊಳಗಿನ ಕೂಸಿಗೆ ಇಂಥ ನೀರಲ್ಲಿ ಪುಡಿ ಹಾಲು ಕಲಸಿ ಕುಡಿಸಿದರೆ, ಹೊಟ್ಟೆಯಲ್ಲಿ ನೈಟ್ರೇಟ್ ಹೋಗಿ ನೈಟ್ರೈಟ್ ಎಂಬ ಬೇರೆಯೇ ರಾಸಾಯನಿಕವಾಗಿ, ರಕ್ತ ಆಮ್ಲಜನಕ ಹೊರುವುದನ್ನೇ ತಡೆದು, ತುಟಿ, ಉಗುರು ನೀಲಿಗಟ್ಟುತ್ತವೆ. ಕ್ಯಾಂಡಲ್ ಫಿಲ್ಟರ್ ಇದಕ್ಕೆ ಸುಮ್ನೆ ದಂಡ, ಆರ್‌ಒ ಬೇಕು. ಅದಕ್ಕೂ ಮೊದಲು ನೀರನ್ನು ಲ್ಯಾಬಿಗೆ ಕೊಟ್ಟು ಪರೀಕ್ಷೆ ಮಾಡಿಸಿ.