ಮಳೆ ಲೆಕ್ಕದ ಶೀಟಿಗೆ ಬಣ್ಣ ಹಾಕುತ್ತಾ: ಜುಲೈ 17ರವರೆಗೆ

ಶಿರಸಿಯ ನಮ್ಮ ಮನೆಯ ಅಂಗಳದಲ್ಲಿರುವ ಮಳೆಮಾಪಕದ ಲೆಕ್ಕವನ್ನು ಅಪ್ಪಯ್ಯ ಪಟ್ಟಿಯಲ್ಲಿ ಬರೆದಿಡುತ್ತಿದ್ದರು. ಈ ಮಳೆಗಾಲದಿಂದ ಅದನ್ನು ಎಕ್ಸೆಲ್‌ಗೆ ಹಾಕುತ್ತಿದ್ದೇನೆ. ದಿನಾ ಬೆಳಿಗ್ಗೆ 8:30ಕ್ಕೆ ಅಳೆದು ಅಂಕಿ ತುಂಬುವುದು. ಮಳೆ ಯಾವಾಗ ಜಡಿಯಿತು, ಹೊಳವು (ಮಳೆಯ ನಡುವಿನ ಬಿಡುವು) ಯಾವಾಗ ಇತ್ತು, ಅಡಿಕೆ ತೋಟಕ್ಕೆ ಮದ್ದು ಹೊಡೆದು ಎಷ್ಟು ದಿನವಾಯಿತು, ಇಷ್ಟು ಶೀಟ್ ತೆರೆದ ಕೂಡಲೇ ಕಣ್ಣಿಗೆ ಬೀಳಬೇಕು. ಅದಕ್ಕೇ ಈ ಬಣ್ಣದ ಕೆಲಸ.

ಮೊದಲ ವಾರ ಒಂದೊಂದೇ ಸೆಲ್‌ಗೆ ಕೈಯಾರೆ ಬಣ್ಣ ತುಂಬಿದೆ. ಒಂದು ದಿನ 18 ಇರಬೇಕಾದಲ್ಲಿ 81 ಬರೆದಿದ್ದೆ. ಅಂಕಿ ತಿದ್ದಿದೆ, ಬಣ್ಣ ಮಾತ್ರ ಹಾಗೇ ಉಳಿಯಿತು. ಅವತ್ತೇ ಎಲ್ಲ ಅಳಿಸಿ, ನಾವು ಬರೆದ ನಿಯಮದಂತೆ ಎಕ್ಸೆಲ್ ತಾನೇ ಬಣ್ಣ ಹಾಕುವ ಕಂಡಿಷನಲ್ ಫಾರ್ಮ್ಯಾಟಿಂಗ್‌ಗೆ ಬಂದೆ. ಬಣ್ಣ ಅಂಕಿಯಿಂದಲೇ ಹುಟ್ಟಬೇಕು, ಅಲ್ವಾ?

ಗಡಿಗಳನ್ನು ಹವಾಮಾನ ಇಲಾಖೆಯ ಲೆಕ್ಕದಿಂದ ತೆಗೆದುಕೊಂಡೆ: 64.5 ಮಿ.ಮೀ.ನಿಂದ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4 ದಾಟಿದರೆ ಅದಕ್ಕೂ ಮೇಲಿನದು. 2.5ಕ್ಕಿಂತ ಕಡಿಮೆಯಾದರೆ ನನ್ನ ಶೀಟಿನಲ್ಲಿ ಅದು ಹೊಳವು. ದೊಡ್ಡ ಅಂಕಿಯಿಂದ ಶುರು ಮಾಡಿ ನಿಯಮ ಬರೆದೆ. ನೋಡಿದರೆ 130 ಬಂದ ದಿನಕ್ಕೂ ಬರೀ ಭಾರಿ ಮಳೆಯ ಬಣ್ಣ. ಎಕ್ಸೆಲ್ ಹೊಸ ನಿಯಮವನ್ನು ಪಟ್ಟಿಯ ತಲೆಗೆ ಸೇರಿಸುತ್ತದೆ, ಮೇಲಿದ್ದದ್ದೇ ಗೆಲ್ಲುತ್ತದೆ. ಬಾಣದ ಗುರುತು ಒತ್ತಿ ಸಾಲು ತಿರುಗಿಸಿದೆ, ಸರಿಹೋಯಿತು.

ತುಂಬಾ ಹೊತ್ತು ತಿಂದದ್ದು ಇನ್ನೊಂದು. ಕಾರವಾರಕ್ಕೆ ಹೋಗಿದ್ದ ಎರಡು ದಿನದ ಸೆಲ್‌ಗಳಲ್ಲಿ 'ಅಳೆದಿಲ್ಲ' ಎಂದು ಬರೆದಿದ್ದೆ. ಎರಡೂ 204 ದಾಟಿದ ಮಳೆಯ ಕಡು ಬಣ್ಣಕ್ಕೆ ತಿರುಗಿದವು! ಹೋಲಿಸುವಾಗ ಎಕ್ಸೆಲ್‌ಗೆ ಅಕ್ಷರ ಯಾವ ಅಂಕಿಗಿಂತಲೂ ದೊಡ್ಡದು. ಸರಿ, ಖಾಲಿ ಬಿಡೋಣ ಅಂದರೆ ಖಾಲಿಯನ್ನು ಸೊನ್ನೆ ಎಂದುಕೊಂಡು ಹೊಳವಿನ ಬಣ್ಣ ಹಾಕಿತು. ಕೊನೆಗೆ ಖಾಲಿ ಸೆಲ್‌ಗೇ ಒಂದು ನಿಯಮ ಬರೆದು, ಎಲ್ಲಕ್ಕಿಂತ ಮೇಲಿಟ್ಟು, 'ಸ್ಟಾಪ್ ಇಫ್ ಟ್ರೂ' (ಇದು ಹೊಂದಿದರೆ ಕೆಳಗಿನ ನಿಯಮ ನೋಡಬೇಡ) ಟಿಕ್ ಮಾಡಿದೆ. 'ಅಳೆದಿಲ್ಲ' ಈಗ ಷರಾ ಕಾಲಮ್ಮಿನಲ್ಲಿದೆ.

ಆಮೇಲೆ ಅಪ್ಪಯ್ಯನಿಗೆ ತೋರಿಸಿದೆ. "ತಮಾ, ಕೆಂಪು ಯಾವ್ದು, ಹಸಿರು ಯಾವ್ದು? ಎರಡೂ ಒಂದೇ ನಮ್ನಿ ಕಾಣ್ತು" ಅಂದರು. ಇಷ್ಟು ವರ್ಷ ಜೊತೆಗಿದ್ದೂ ನನಗಿದು ಗೊತ್ತಿರಲಿಲ್ಲ, ಮನಸ್ಸಿಗೆ ತಟ್ಟಿತು. ಆ ರಾತ್ರಿಯೇ ಎಲ್ಲ ಬದಲಿಸಿದೆ. ಹೊಳವಿಗೆ ತಿಳಿ ಹಳದಿ, ಮಳೆ ಏರಿದಂತೆ ತಿಳಿನೀಲಿಯಿಂದ ಕಡುನೀಲಿ. ಕಡುನೀಲಿಯ ಮೇಲೆ ಬಿಳಿ ದಪ್ಪ ಅಕ್ಷರ. ಕಪ್ಪುಬಿಳುಪು ಪ್ರಿಂಟ್ ತೆಗೆದರೂ ಈಗ ವ್ಯತ್ಯಾಸ ಉಳಿಯುತ್ತದೆ. ನೋಡುವುದಕ್ಕೂ ಇದೇ ಚೆಂದ.

ಮದ್ದಿನ ಸೆಲ್ ಸುಲಭವಾಯಿತು. ಅಡಿಕೆಗೆ ಕೊಳೆ ರೋಗ ಬರದಂತೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣವನ್ನು 40-45 ದಿನಕ್ಕೊಮ್ಮೆ ಹೊಡೆಯಬೇಕು. ಇವತ್ತಿನ ದಿನಾಂಕ ಕೊಡುವ ಟುಡೇ ಸೂತ್ರದಿಂದ ಹಿಂದಿನ ಮದ್ದಿನ ದಿನಾಂಕ ಕಳೆದರೆ ದಿನಗಳ ಲೆಕ್ಕ ಸಿಗುತ್ತದೆ. 40 ಆದರೆ ಸೆಲ್ ಕಿತ್ತಳೆ ಬಣ್ಣಕ್ಕೆ ತಿರುಗಿ ದಪ್ಪ ಅಂಚು ಬರುತ್ತದೆ.

ಮೊದಲ ಮದ್ದು ಜೂನ್ 6ಕ್ಕೆ ಆಗಿತ್ತು. ಇವತ್ತು ಸೆಲ್‌ನಲ್ಲಿ 41 ಇದೆ, ಅದರ ಪಕ್ಕದಲ್ಲಿ ಐದು ದಿನದಿಂದ ಬರೀ ನೀಲಿ. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನಿಗೆ ಫೋನ್ ಮಾಡಿದೆ. ಒಂದು ಹಳದಿ ಸೆಲ್ ಬಂದ ದಿನ ಬರುತ್ತಾನೆ. ಮೈಲುತುತ್ತ, ಸುಣ್ಣ ತಂದಿಟ್ಟಾಗಿದೆ.